ಅಜ್ಜಿಗುಂಡಿಗೆ ಸಿಮೆಂಟು

ಗುಡ್ಡವೆಂದರೆ ಮಂಜು, ಹಸಿರು, ಬೆಚ್ಚಗಿನ ಶಾಲು ಎಂದುಕೊಂಡವರು ಕೂಡ್ಲಿಗಿ ಸೀಮೆಗೆ ಬರುವುದು ಬೇಡ. ಇಲ್ಲಿಯ ಗುಡ್ಡಕ್ಕೆ ಮೈಮೇಲೆ ಬಟ್ಟೆಯೇ ಇಲ್ಲ. ಬರೀ ಗುಂಡುಕಲ್ಲು. ಆನೆಯಷ್ಟು, ಲಾರಿಯಷ್ಟು, ಮನೆಯಷ್ಟು ದಪ್ಪ ಗುಂಡುಗಳು ಒಂದರ ಮೇಲೊಂದು ಬಿದ್ದಿವೆ, ಯಾರೋ ಸಿಟ್ಟಿನಲ್ಲಿ ಎಸೆದು ಹೋದಂತೆ. ಬೇಸಿಗೆಯಲ್ಲಿ ಆ ಕಲ್ಲು ಹಗಲೆಲ್ಲ ಕಾದು, ಸಂಜೆ ತಣಿಯುವಾಗ ಚಟಾರೆಂದು ಸೀಳುತ್ತದೆ. ಶಿವರಾತ್ರಿ ಕಳೆದರೆ ಒಣಹುಲ್ಲಿಗೆ ಬೆಂಕಿ, ಬೆಂಕಿಯ ಹಿಂದೆಯೇ ನೀರು ಹುಡುಕಿಕೊಂಡು ಇಳಿಯುವ ಕರಡಿ. ಕೃತ್ತಿಕೆ, ರೋಹಿಣಿಯಲ್ಲಿ ಸಿಡಿಲು. ಕುರಿ ಕಾಯುವವರು ಮರ ಬಿಟ್ಟು ಗುಂಡಿನ ಮರೆಗೆ ನಿಂತರೆ ಗುಂಡಿಗೇ ಬಡಿಯುತ್ತದೆ. ಮಳೆಗಾಲದಲ್ಲಿ ಗುಡ್ಡದ ನೀರು ಒಂದೇ ತಾಸಿನಲ್ಲಿ ಬಂದು ಒಂದೇ ತಾಸಿನಲ್ಲಿ ಹೋಗುತ್ತದೆ, ಹೋಗುವಾಗ ಸಿಕ್ಕಿದ್ದನ್ನು ಒಯ್ಯುತ್ತದೆ. ಬರಗಾಲದ ಸೀಮೆ ಎಂದು ಸರ್ಕಾರದ ಕಾಗದದಲ್ಲಿ ಬರೆದಿದೆ. ಆದ್ದರಿಂದ ಇಲ್ಲಿ ನೀರಿನಿಂದ ಸತ್ತರೆ ಯಾರೂ ನಂಬುವುದಿಲ್ಲ.

ಹುಲಿಗುಂಡ್ಲಹಟ್ಟಿ ಅಂಥದೊಂದು ಗುಡ್ಡದ ಬುಡದಲ್ಲಿದೆ. ಹೆಸರಿಗೆ ಒಂದು ಊರು, ನೋಡಿದರೆ ಎರಡು. ಡಾಂಬರು ರಸ್ತೆಯ ಮಗ್ಗುಲಿಗೆ ಕೆಳಗಿನ ಊರು. ಅಲ್ಲಿ ಹಿಟ್ಟಿನ ಗಿರಣಿ, ಗೊಬ್ಬರದ ಅಂಗಡಿ, ಆರ್‌ಸಿಸಿ ಮನೆಗಳು, ಮನೆಯ ಮೇಲೆ ಕಪ್ಪು ನೀರಿನ ಟ್ಯಾಂಕು. ಗುಡ್ಡಕ್ಕೆ ಅಂಟಿಕೊಂಡು ಮೇಲಿನ ಕೇರಿ. ಅಲ್ಲಿ ಹನ್ನೆರಡು ಮನೆ, ಹನ್ನೆರಡೂ ಕಲ್ಲು ಒಡೆಯುವವರವು. ಕೆಳಗಿನ ಊರಿನ ಬುನಾದಿ, ಹೊಸ್ತಿಲು, ರುಬ್ಬುವ ಕಲ್ಲು, ದನ ನೀರು ಕುಡಿಯುವ ಬಾನಿ, ಕಡೆಗೆ ಗೋರಿಯ ಮೇಲಿನ ಚಪ್ಪಡಿ ಕೂಡ ಈ ಹನ್ನೆರಡು ಮನೆಯವರ ಕೈಯಿಂದ ಆದದ್ದು. ಆದರೆ ಅವರು ಮನೆ ಕಟ್ಟಿಕೊಳ್ಳಲು ಕೆಳಗೆ ಜಾಗ ಇರಲಿಲ್ಲ. ಯಾಕೆ ಇರಲಿಲ್ಲ ಎಂದು ಕೇಳಿದರೆ ಊರಿನಲ್ಲಿ ಯಾರೂ ಉತ್ತರ ಹೇಳುವುದಿಲ್ಲ, ಉತ್ತರ ಎಲ್ಲರಿಗೂ ಗೊತ್ತಿರುವುದರಿಂದ.

ದ್ಯಾಮಕ್ಕ ಆ ಕೇರಿಯ ತುದಿಮನೆಯವಳು. ವಯಸ್ಸು ಐವತ್ತೇಳು. ಬಲಗೈ ಹೆಬ್ಬೆರಳಿಗೆ ಉಗುರಿಲ್ಲ, ಅದನ್ನು ಸುತ್ತಿಗೆ ತಿಂದಿದೆ. ಎಡಗಿವಿ ಮಂದ, ಅದನ್ನು ಕ್ವಾರಿಯ ಮದ್ದಿನ ಸದ್ದು ತಿಂದಿದೆ. ಗಂಡ ಗಾದೆಪ್ಪನನ್ನು ಕಲ್ಲಿನ ಧೂಳು ತಿಂದಿದೆ. ಕೆಮ್ಮಿ ಕೆಮ್ಮಿ ನಲವತ್ತೆಂಟಕ್ಕೇ ಹೋದ. ಕಾಯಿಲೆಗೆ ಕಾರಣ ಬೀಡಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದರು. ಗಾದೆಪ್ಪ ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ.

ಅವಳ ತವರು ಚಿಗಟೇರಿ ಕಡೆಯ ಬಯಲು. ಅಲ್ಲಿ ತಲೆಯ ಮೇಲೆ ಆಕಾಶ ಬಿಟ್ಟರೆ ಬೀಳುವಂಥದ್ದು ಬೇರೆ ಏನೂ ಇಲ್ಲ. ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆ ಹಿತ್ತಿಲ ಬಾಗಿಲು ತೆರೆದು ಮೇಲೆ ನೋಡಿದಳು. ಇಳಿಜಾರಿನ ಹಾಸುಬಂಡೆಯ ಮೇಲೆ ಎರಡು ಮನೆಯಷ್ಟು ದೊಡ್ಡ ಗುಂಡೊಂದು ಮುಂದಕ್ಕೆ ಬಗ್ಗಿ ಕೂತಿತ್ತು. ಅದರ ನೆರಳು ಅಂಗಳದ ತನಕ ಬಂದಿತ್ತು.

“ಅತ್ತಿ, ಇದು ಬೀಳಂಗಿಲ್ಲೇನ್ರಿ?”

ಅತ್ತೆ ಹುಲಿಗೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಬೀಳತೈತಿ. ಬೀಳೋದಕ್ಕ ಮೊದ್ಲು ಹೇಳತೈತಿ. ಕೇಳಾಕ ಕಲಿ.”

ಆ ಗುಂಡಿನ ಹೆಸರು ಅಜ್ಜಿಗುಂಡು. ಅದಕ್ಕೆ ಗುಡಿ ಇರಲಿಲ್ಲ, ಪೂಜಾರಿ ಇರಲಿಲ್ಲ. ವರ್ಷಕ್ಕೊಮ್ಮೆ, ರೋಹಿಣಿ ಮಳೆ ಹುಟ್ಟುವ ಮುಂಚಿನ ಸೋಮವಾರ, ಹನ್ನೆರಡು ಮನೆಯವರೂ ಅಂಗೈಯಗಲದ ಒಂದೊಂದು ಕಲ್ಲುಚಕ್ಕೆ ಹಿಡಿದು ಮೇಲೆ ಹತ್ತುತ್ತಿದ್ದರು. ಗುಂಡು ಹಾಸುಬಂಡೆಯನ್ನು ಮುಟ್ಟಿದ್ದು ಮೂರೇ ಕಡೆ. ಮಿಕ್ಕಲ್ಲೆಲ್ಲ ಗೇಣೆತ್ತರದ ಸಂದು. ಆ ಸಂದಿನ ಬಾಯಿಯ ಸುತ್ತ ಪ್ರತಿ ಮನೆಗೂ ಒಂದು ಜಾಗ ಗೊತ್ತಾಗಿತ್ತು. ಅಲ್ಲಿ ಚಕ್ಕೆಗಳನ್ನು ಬೆಣೆಯಂತೆ ಬಿಗಿದು, ಕುಂಕುಮ ಹಚ್ಚಿ, ಒಂದು ತುತ್ತು ಮೊಸರನ್ನ ಇಟ್ಟು ಇಳಿಯುವುದು. ಇದಕ್ಕೆ ಅಜ್ಜಿಗೆ ಬೆಣೆ ಕೊಡುವುದು ಎನ್ನುತ್ತಾರೆ.

ಅಂಗೈಯಗಲದ ಚಕ್ಕೆ ಅಷ್ಟು ದೊಡ್ಡ ಗುಂಡನ್ನು ತಡೆದೀತು ಎಂದು ಆ ಕೇರಿಯಲ್ಲಿ ಯಾರೂ ನಂಬಿರಲಿಲ್ಲ. ಅವರು ಕಲ್ಲಿನ ಜನ, ಹುಚ್ಚರೇನಲ್ಲ. ಹೊಸ ಚಕ್ಕೆ ಇಡುವ ಮುಂಚೆ ಹಳೆಯದನ್ನು ತೆಗೆಯಬೇಕಲ್ಲ, ಇರುವುದೆಲ್ಲ ಅದರಲ್ಲಿತ್ತು. ಹೋದ ವರ್ಷದ ಚಕ್ಕೆ ಇಟ್ಟಂತೆಯೇ ಬಿಗಿಯಾಗಿದ್ದರೆ ಅಜ್ಜಿ ಕೂತಲ್ಲೇ ಕೂತಿದ್ದಾಳೆ. ಕೈ ತಾಗಿದೊಡನೆ ಉದುರಿದರೆ ಆ ಮಗ್ಗುಲು ಎದ್ದಿದ್ದಾಳೆ. ಪುಡಿಯಾಗಿದ್ದರೆ ಆ ಮಗ್ಗುಲಿಗೆ ವಾಲಿದ್ದಾಳೆ. ಹುಲಿಗೆವ್ವ ಸೊಸೆಗೆ ಕಲಿಸಿದ್ದು ಈ ಓದು. ಶಾಲೆಯ ಮುಖ ನೋಡದ ದ್ಯಾಮಕ್ಕ ಇದನ್ನು ಮೂರೇ ವರ್ಷದಲ್ಲಿ ಕಲಿತಳು. ಇನ್ನೊಂದು ಮಾತನ್ನೂ ಅತ್ತೆ ಹೇಳಿದ್ದಳು. ಮೇಲಿನ ಗುಡ್ಡದ ನೀರೆಲ್ಲ ಆ ಹಾಸುಬಂಡೆಯ ಮೇಲೆ ಜಾರಿ ಬಂದು, ಸಂದಿನೊಳಗೆ ತೂರಿ, ಕೆಳಗಿನ ಕೊರಕಲಿಗೆ ಹೋಗುತ್ತದೆ. “ಅಜ್ಜಿ ಕಾಲಸಂದ್ಯಾಗ ನೀರು ಓಡ್ಯಾಡತಿರಬೇಕು. ನಿಂತರ ಕೆಟ್ಟೆವು.”

ದ್ಯಾಮಕ್ಕನಿಗೆ ದುರುಗೇಶ್ ಹುಟ್ಟಿದ ವರ್ಷ ಮೂಡಣ ಮಗ್ಗುಲಿನ ಚಕ್ಕೆಗಳು ಹಿಟ್ಟಾಗಿದ್ದವು. ಹುಲಿಗೆವ್ವ ಅಂದೇ ಆ ಕೆಳಗಿದ್ದ ಎರಡು ಮನೆಗಳನ್ನು ಖಾಲಿ ಮಾಡಿಸಿದಳು. ಬೈದು, ಕೂದಲು ಹಿಡಿದು ಎಳೆದು ಖಾಲಿ ಮಾಡಿಸಿದಳು. ಮೃಗಶಿರಾ ಮಳೆಯಲ್ಲಿ ಗುಂಡಿನ ಅಂಚಿನಿಂದ ಬಂಡಿಗಾತ್ರದ ಹೋಳೊಂದು ಕಿತ್ತು ಬಂದು ಆ ಎರಡು ಮನೆಗಳ ಒಲೆಯ ಮೇಲೆ ಕೂತಿತು. ಒಂದು ಬೆಕ್ಕು ಕೂಡ ಸಾಯಲಿಲ್ಲ. ಯಾರೂ ಸಾಯದಿದ್ದರೆ ಅದು ಸುದ್ದಿಯಾಗುವುದಿಲ್ಲ. ಕೆಳಗಿನ ಊರು ಅದನ್ನು ವರ್ಷ ತುಂಬುವುದರೊಳಗೆ ಮರೆಯಿತು.

ಎರಡು ವರ್ಷದ ಹಿಂದೆ, ಯುಗಾದಿ ಮುಗಿಸಿಕೊಂಡು ಕೇರಿಯವರು ಹಡಗಲಿ ಕಡೆ ಕಾಂಪೌಂಡು ಕಟ್ಟುವ ಕೆಲಸಕ್ಕೆ ಹೋದರು. ದ್ಯಾಮಕ್ಕನೂ ಹೋದಳು. ಎರಡು ತಿಂಗಳ ಕೆಲಸ. ಬೆಣೆಯ ಸೋಮವಾರಕ್ಕೆಂದು ಓಡೋಡಿ ವಾಪಸು ಬಂದು, ಮೈಯ ಧೂಳೂ ಕೊಡವದೆ ಚಕ್ಕೆ ಹಿಡಿದು ಹತ್ತಿದರೆ ಅಜ್ಜಿಯ ಗುರುತು ಸಿಗಲಿಲ್ಲ.

ಗುಂಡಿನ ಸುತ್ತ ಎದೆಮಟ್ಟದ ಕಟ್ಟೆ. ಕಟ್ಟೆಗೆ ಬಿಳಿ ಟೈಲ್ಸು. ಮೇಲೆ ತಗಡಿನ ಚಪ್ಪರ, ಮುಂದೆ ಸ್ಟೀಲಿನ ಕಂಬಿ. ಗುಂಡಿನ ಹಣೆಗೆ ಎರಡಾಳುದ್ದದ ವಿಭೂತಿ, ಅದರ ಕೆಳಗೆ ಬಣ್ಣದಲ್ಲಿ ಬರೆದ ಮೀಸೆ. ಬೋರ್ಡಿನಲ್ಲಿ ‘ಶ್ರೀ ಉದ್ಭವ ಶಿಲಾಲಿಂಗೇಶ್ವರ ಸ್ವಾಮಿ’. ಕೆಳಗೆ ಅಮೃತಶಿಲೆಯಲ್ಲಿ ದಾನಿಗಳ ಹೆಸರು, ಮೊದಲನೆಯದು ಪಾಲಾಕ್ಷಪ್ಪನದು. ಸಂದು ಎಲ್ಲಿಯೂ ಇಲ್ಲ. ಸುತ್ತ ಒಂದು ಇರುವೆ ನುಗ್ಗಲೂ ಜಾಗವಿಲ್ಲದಂತೆ ಕಾಂಕ್ರೀಟು ತುಂಬಿ, ಮೇಲೆ ನುಣ್ಣಗೆ ಒರೆಸಿದ್ದರು. ಚಕ್ಕೆಗಳು ಒಳಗೇ ಹೂತುಹೋಗಿದ್ದವು.

ಪಾಲಾಕ್ಷಪ್ಪ ಕೆಳಗಿನ ಊರಿನವನು. ಗಿರಣಿ ಅವನದು, ಗೊಬ್ಬರದ ಅಂಗಡಿ ಅವನದು, ಶಾಲೆಯ ಸಮಿತಿಗೂ ಅವನೇ ಅಧ್ಯಕ್ಷ. ನಾಲ್ಕು ಬೋರು ಕೊರೆಸಿ ಸೋತು ಐದನೆಯದರಲ್ಲಿ ನೀರು ಬಿದ್ದಾಗ ಗುಡ್ಡದ ದೇವರಿಗೆ ಭದ್ರವಾದ ಪೀಠ ಕಟ್ಟಿಸುತ್ತೇನೆಂದು ಹರಕೆ ಹೊತ್ತಿದ್ದನಂತೆ. ಕೆಟ್ಟ ಮನಸ್ಸಿನಿಂದ ಕಟ್ಟಿಸಿದನೆಂದು ಹೇಳುವಂತಿಲ್ಲ. ಈ ನಾಡಿನಲ್ಲಿ ಅರ್ಧ ಅನಾಹುತ ಒಳ್ಳೆಯ ಮನಸ್ಸಿನ, ಯಾರನ್ನೂ ಕೇಳದ, ಕೈಯಲ್ಲಿ ಸಿಮೆಂಟು ಇರುವ ಜನರಿಂದಲೇ ಆಗುತ್ತಿದೆ.

ದ್ಯಾಮಕ್ಕ ಇಳಿದವಳೇ ನೇರ ಅಂಗಡಿಗೆ ಹೋದಳು.

“ಸಾವ್ಕಾರ್ರ, ಅಜ್ಜಿ ಸಂದಿಗೆ ಸಿಮೆಂಟ್ ಯಾಕ ತುಂಬ್ಸಿದ್ರಿ?”

“ಭದ್ರ ಆಗ್ಲಿ ಅಂತ, ದ್ಯಾಮಕ್ಕ. ನಿಮ್ಮ ಮನಿಗಳ ಮ್ಯಾಲೇ ಅಲ್ಲೇನು ಅದು ಇರೋದು? ನಿಮ್ಮ ಸಲುವಾಗೇ ಮಾಡಿದ್ದು.”

“ನಮ್ಮನ್ನ ಒಂದು ಮಾತು ಕೇಳಬೇಕಿತ್ತು.”

“ದೇವರ ಕೆಲಸಕ್ಕ ಕೇಳೋದೇನೈತಿ? ನಿನ್ನ ಮಗನ ಉಸುಕು ಹೊಡದಾನ, ಅವನ್ನ ಕೇಳು.”

“ನೀರಿಗೆ ದಾರಿ ಇಲ್ಲ ಈಗ. ಗುಂಡಿನ ಹಿಂದ ನಿಂತರ ಗುಂಡನ್ನ ತಳ್ಳತೈತಿ.”

ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಬೊಮ್ಮಪ್ಪ ಎಂಬವನು ಎಲೆಅಡಿಕೆ ಉಗುಳಿ ಬಂದು ಹೇಳಿದ: “ಈ ಸೀಮ್ಯಾಗ ನಿಂದ್ರುವಷ್ಟು ನೀರು ಎಲ್ಲಿ ಐತವಾ? ನಿಂತರ ಹೇಳು, ಮೀನು ಬಿಡೋಣು.”

ಎಲ್ಲರೂ ನಕ್ಕರು. ದ್ಯಾಮಕ್ಕ ನಗಲಿಲ್ಲ. “ಅಜ್ಜಿಗೆ ಮೀಸಿ ಬ್ಯಾರೆ ಬರ್ಸೀರಿ. ಹೆಂಗಸು ಗಂಡಸಾಗಾಕ ಎಷ್ಟು ಚೀಲ ಸಿಮೆಂಟ್ ಹಿಡೀತ್ರಿ ಸಾವ್ಕಾರ್ರ?”

ನಗು ನಿಂತಿತು. ಪಾಲಾಕ್ಷಪ್ಪನ ಮುಖ ಬಿಗಿಯಿತು. “ಬಾಯಿ ಹಿಡದು ಮಾತಾಡವಾ. ಕಲ್ಲು ಒಡಿಯೋರು ಕಲ್ಲಿನ ಸುದ್ದಿ ಮಾತಾಡಬೇಕು. ದೇವರ ಸುದ್ದಿಗೆ ಬರಬಾರದು.”

ಮನೆಗೆ ಬಂದರೆ ಮಗ ದುರುಗೇಶ್ ಹೊಸ್ತಿಲಲ್ಲೇ ಕೂತಿದ್ದ. ಅವನು ಪಾಲಾಕ್ಷಪ್ಪನ ಟ್ರ್ಯಾಕ್ಟರ್ ಓಡಿಸುವವನು.

“ಯವ್ವ, ಹೊಡಿ ಅಂದ್ರು, ಹೊಡದೆ. ನಾ ಏನ್ ಮಾಡ್ಲಿ? ಟ್ರ್ಯಾಕ್ಟರ್ ಅವರದು.”

“ಟ್ರ್ಯಾಕ್ಟರ್ ಅವರದು. ತಲಿ ಯಾರದು?”



ನಾಲ್ಕು ದಿನ ಬಿಟ್ಟು ಅವಳು ಪಂಚಾಯ್ತಿ ಆಫೀಸಿನ ಮೆಟ್ಟಿಲು ಹತ್ತಿದಳು. ಅಲ್ಲಿಯ ಅಧಿಕಾರಿ ಕ್ರಾಂತಿಕುಮಾರ್. ತಂದೆ ಯಾವ ಆಸೆಯಿಂದ ಆ ಹೆಸರಿಟ್ಟನೋ, ಮಗ ಅದನ್ನು ಮೇಜಿನ ಮೇಲಿನ ಫಲಕದಿಂದ ಕೆಳಗಿಳಿಯಲು ಬಿಟ್ಟಿರಲಿಲ್ಲ. ಪೂರ್ತಿ ಕೇಳಿಸಿಕೊಂಡ. ಸಿಟ್ಟು ಮಾಡಲಿಲ್ಲ, ಅದೇ ಕಷ್ಟ.

“ಅಮ್ಮಾ, ಗುಡ್ಡ ಒಂದು ಇಲಾಖೆಗೆ ಬರ್ತತಿ, ಗುಂಡು ಇನ್ನೊಂದಕ್ಕ ಬರ್ತತಿ, ದೇವಸ್ಥಾನ ಮತ್ತೊಂದಕ್ಕ. ನಾನು ಯಾರಿಗೆ ಅಂತ ಬರೀಲಿ?”

“ಬೀಳೋದು ಯಾರ ಮ್ಯಾಲ ಅನ್ನೋದು ಎಲ್ಲ್ಯಾರ ಬರ್ದೈತೇನ್ರಿ ಸಾಯೇಬ್ರ?”

“ಬಿದ್ದ ಮ್ಯಾಲ ಬರ್ರಿ. ವಿಪತ್ತಿನ ಪರಿಹಾರದಾಗ ಮಾಡಿಕೊಡ್ತೀನಿ, ನಾನೇ ಮುಂದ ನಿಂತು ಮಾಡಿಕೊಡ್ತೀನಿ. ಬೀಳದೇ ಇರೋದಕ್ಕ ನಮ್ಮ ಫಾರಂನ್ಯಾಗ ಕಾಲಂ ಇಲ್ಲ.”

ಮೂರು ಅರ್ಜಿ ಕೊಟ್ಟಳು. ಮೂರಕ್ಕೂ ಸ್ವೀಕೃತಿಯ ಮುದ್ರೆ ಬಿತ್ತು.

ಆ ವರ್ಷ ಮುಂಗಾರು ಕೈಕೊಟ್ಟಿತು. ರೋಹಿಣಿ ಗುಡುಗಿ ಹೋಯಿತು, ಆರಿದ್ರೆ ಧೂಳೆಬ್ಬಿಸಿ ಹೋಯಿತು. ಹಿಟ್ಟು ಬೀಸಿಸಲು ಕೆಳಗೆ ಹೋದಾಗಲೆಲ್ಲ ಬೊಮ್ಮಪ್ಪನ ಮಾತು ತಪ್ಪುತ್ತಿರಲಿಲ್ಲ. “ದ್ಯಾಮಕ್ಕ, ಮೀನು ಯಾವಾಗ ತರ್ಲಿ?” ಮಳೆ ಬಾರದ್ದಕ್ಕೆ ರೈತರು ಅಳುತ್ತಿದ್ದರು. ಮಳೆ ಬಾರದ್ದಕ್ಕೆ ಸಮಾಧಾನಪಟ್ಟವಳು ಇಡೀ ತಾಲೂಕಿನಲ್ಲಿ ಅವಳೊಬ್ಬಳೇ ಇದ್ದಿರಬೇಕು. ಆ ಸಮಾಧಾನಕ್ಕೆ ಅವಳಿಗೆ ನಾಚಿಕೆಯೂ ಆಗುತ್ತಿತ್ತು.

ಹಿಂಗಾರು ಎಲ್ಲವನ್ನೂ ಒಟ್ಟಿಗೆ ತಂದಿತು. ಹಸ್ತಾ ಮಳೆ ನಾಲ್ಕು ದಿನ ಬಿಡದೆ ಹೊಡೆಯಿತು. ಎರಡನೆಯ ದಿನ ಕಟ್ಟೆಯ ಕೆಳಮಗ್ಗುಲಿನ, ಅಂದರೆ ಮನೆಗಳತ್ತ ಮುಖಮಾಡಿದ, ಮೂರು ಟೈಲ್ಸು ತಾವಾಗಿಯೇ ಸಿಡಿದು ಬಿದ್ದವು. ಪಾಲಾಕ್ಷಪ್ಪ ಟೈಲ್ಸು ಹಾಕಿದವನನ್ನು ಫೋನಿನಲ್ಲಿ ಬೈದು, ಬೇರೆಯವನನ್ನು ಕರೆಸಿ ಅಂಟಿಸಿದ. ನಾಲ್ಕನೆಯ ದಿನ ಅದೇ ಜಾಗದಲ್ಲಿ ಆರು ಸಿಡಿದವು. ಅವುಗಳನ್ನೂ ಅಂಟಿಸಿದರು. ಅಜ್ಜಿ ಹೇಳುತ್ತಿದ್ದಳು, ಇವರು ಅವಳ ಬಾಯಿಗೆ ಟೈಲ್ಸು ಅಂಟಿಸುತ್ತಿದ್ದರು.

ಐದನೆಯ ಬೆಳಿಗ್ಗೆ ಮಳೆ ತುಸು ಬಿಟ್ಟಾಗ ದ್ಯಾಮಕ್ಕ ಹತ್ತಿ ಗುಂಡಿನ ಹಿಂದಕ್ಕೆ ಹೋದಳು. ಕಟ್ಟೆಗೂ ಗುಡ್ಡಕ್ಕೂ ನಡುವೆ ಸೊಂಟಮಟ್ಟ ನೀರು ನಿಂತಿತ್ತು. ಚಪ್ಪರದ ತಗಡಿನ ನೀರೂ ಅದರೊಳಕ್ಕೇ ಸುರಿಯುತ್ತಿತ್ತು. ಕೇಳುವ ಕಿವಿಯನ್ನು ಗುಂಡಿಗೆ ಒತ್ತಿ ನಿಂತಳು. ನಿದ್ದೆಯಲ್ಲಿ ಯಾರೋ ಹಲ್ಲು ಕಡಿದಂತೆ ಒಳಗೊಂದು ಸದ್ದು ಬಂದು ನಿಂತಿತು.

ಕೇರಿಗೆ ಇಳಿದು ಮನೆ ಬಿಡಿ ಎಂದಳು. ಪಕ್ಕದ ಮನೆಯ ಶಿವಮ್ಮ, ಬಾಯಿಬಡುಕಿ, ಆದರೆ ಕೆಲಸದಲ್ಲಿ ಗಟ್ಟಿಗಿತ್ತಿ, ಸೊಂಟಕ್ಕೆ ಕೈಕೊಟ್ಟು ನಿಂತಳು. “ಎಲ್ಲಿಗೆ ಬಿಡೋಣ ಯಕ್ಕ? ಸಾಲಿ ಬೀಗದಕೈ ಸಾವ್ಕಾರ್ರ ಉಡದಾರದಾಗ ಐತಿ. ನೀ ಹೋಗಿ ಬಿಚ್ಚಿಕೊಂಡು ಬಾ.”

ಬೀಗದ ಕೈ ಕೇಳಲು ದುರುಗೇಶ್‌ನನ್ನೇ ಕಳಿಸಿದಳು. ಹತ್ತು ನಿಮಿಷದಲ್ಲಿ ತಲೆ ತಗ್ಗಿಸಿಕೊಂಡು ಬಂದ. “ಮಳಿ ನಿಂತೈತಲ್ಲ, ಇನ್ಯಾಕ ಅಂದ್ರು. ನಿಮ್ಮವ್ವಗ ತಲಿ ಸರಿ ಐತೋ ಇಲ್ಲೋ ತೋರ್ಸು ಅಂದ್ರು.”

ಮಾರನೆಯ ದಿನ ಆಯುಧ ಪೂಜೆ. ಕೆಳಗಿನ ಊರಿನಲ್ಲಿ ಟ್ರ್ಯಾಕ್ಟರು, ಬೈಕು, ಗಿರಣಿಯ ಮೋಟಾರು ಎಲ್ಲ ತೊಳೆಸಿಕೊಂಡು, ಚೆಂಡುಹೂವು ಮುಡಿದು ನಿಂತಿದ್ದವು. ಕೇರಿಯ ಹನ್ನೆರಡು ಮನೆಗಳಲ್ಲೂ ಸಮ್ಮಟಿಗೆ, ಉಳಿ, ಹಾರೆ ಗೋಡೆಗೆ ಆನಿಸಿ ಕುಂಕುಮ ಹಚ್ಚಿದ್ದರು. ಅಂದು ಆಯುಧಕ್ಕೆ ರಜೆ, ಮುಟ್ಟುವಂತಿಲ್ಲ. ಕಲ್ಲಿನವರ ಮನೆಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ದ್ಯಾಮಕ್ಕ ಕಾಯಿ ಒಡೆದಳು, ಗಂಡನ ಸಮ್ಮಟಿಗೆಗೆ ಕೈಮುಗಿದಳು, ಅದನ್ನೇ ಹೆಗಲಿಗೇರಿಸಿ ಹಾರೆ ಹಿಡಿದು ಹೊರಟಳು.

ಶಿವಮ್ಮ ನೋಡಿದಳು. “ಯಕ್ಕ, ಇವತ್ತು?”

“ಮಳಿಗೆ ರಜಾ ಇಲ್ಲ.”

“ಹಾಳಾಗಿ ಹೋಗು,” ಎಂದು ಶಿವಮ್ಮ ತನ್ನ ಮನೆಯ ಉಳಿಗಳನ್ನು ಸೆರಗಿಗೆ ಕಟ್ಟಿಕೊಂಡು ಹಿಂದೆಯೇ ಬಂದಳು.

ಕಲ್ಲಿನ ಮುಂದೆ ನಿಲ್ಲಬಾರದು, ಮಗ್ಗುಲಿಗೆ ನಿಲ್ಲಬೇಕು. ಕಲ್ಲಿನವರು ಮೊದಲು ಕಲಿಯುವ ಪಾಠ ಅದು. ಗುಂಡು ಬಂಡೆಯನ್ನು ಮುಟ್ಟಿದ ಮೂರು ಜಾಗ ಟೈಲ್ಸಿನಡಿ ಎಲ್ಲಿವೆ ಎಂದು ದ್ಯಾಮಕ್ಕನಿಗೆ ಕಣ್ಣು ಮುಚ್ಚಿದರೂ ಗೊತ್ತು. ಅವನ್ನು ಬಿಟ್ಟು, ಹಳೆಯ ನೀರಿನ ದಾರಿ ಹುಡುಕಿ, ಮೊದಲು ಕೆಳಮಗ್ಗುಲಿನ ಬಾಯಿ ಒಡೆದಳು. ಶಿವಮ್ಮ ಉಳಿ ಹಿಡಿದಳು, ಇವಳು ಹೊಡೆದಳು. ಆಮೇಲೆ ಹಾರೆ ತೂರಿಸಿ ಒಳಗಿನ ಗಾರೆಯನ್ನು ಹೋಳುಹೋಳಾಗಿ ಎಳೆದರು. ಕೊನೆಗೆ ಹಿಂದೆ ಹೋಗಿ, ನೀರಿನೊಳಗೇ ಸೊಂಟಮಟ್ಟ ನಿಂತು, ಮೇಲ್ಮಗ್ಗುಲಿಗೆ ಹಾರೆ ಹಾಕಿ ಮೀಟಿದಳು. ಹದಿನೈದು ಇಪ್ಪತ್ತು ಸಲ ಮೀಟಿದ ಮೇಲೆ ಹಾರೆ ಅವಳ ಕೈಯಿಂದ ತಾನಾಗಿ ಒಳಕ್ಕೆ ಹೋಯಿತು. ಗುಂಡಿನಡಿ ಕೋಣ ಗುಟುರು ಹಾಕಿದಂತೆ ಸದ್ದಾಗಿ ಕೆಳಮಗ್ಗುಲಿನ ಬಾಯಿಯಿಂದ ಕೆಂಪು ನೀರು ಹಾರಿತು. ಅರ್ಧ ತಾಸಿನಲ್ಲಿ ಹಿಂದಿನ ಹೊಂಡ ಬರಿದಾಯಿತು.

ಅದರೊಂದಿಗೆ ಚಕ್ಕೆಗಳೂ ಬಂದವು. ಮೇಲ್ಮಗ್ಗುಲಿನವು ಒಡೆಯದೆ ಇಡಿಯಾಗಿದ್ದವು, ಎಲ್ಲ ಸಡಿಲವಾಗಿ ಬಂದಿದ್ದವು. ಕೆಳಮಗ್ಗುಲಿನ ಸಂದಿನಲ್ಲಿ ಕೈಹಾಕಿದರೆ ಬೆರಳಿಗೆ ಹಸಿ ಹಿಟ್ಟು ಸಿಕ್ಕಿತು. ಅಜ್ಜಿ ಮನೆಗಳ ಕಡೆಗೆ ವಾಲಿದ್ದಳು. ಇಬ್ಬರೂ ಗಟ್ಟಿ ಕಲ್ಲಿನ ಮೂರು ದೊಡ್ಡ ಬೆಣೆ ಕಡೆದು, ಆ ಮಗ್ಗುಲಿಗೆ ಬಿಗಿದು ಹೊಡೆದರು.

ಸಮ್ಮಟಿಗೆಯ ಸದ್ದಿಗೆ ಅಷ್ಟರಲ್ಲಿ ಕೆಳಗಿನ ಊರು ಎದ್ದು ಬಂದಿತ್ತು. ಹೂವು ಮುಡಿದ ಬೈಕುಗಳಲ್ಲೇ ಬಂದರು. ದ್ಯಾಮಕ್ಕ ಅಂಗೈಯಲ್ಲಿ ಹಿಟ್ಟು ಹಿಡಿದು ತೋರಿಸಿದಳು. “ನೋಡ್ರಿ. ಇದು ನಾವಿಟ್ಟ ಚಕ್ಕಿ. ಹಿಟ್ಟಾಗೈತಿ.”

“ನೀನ ಬಡದು ಹಿಟ್ಟು ಮಾಡೀದಿ,” ಎಂದ ಬೊಮ್ಮಪ್ಪ. “ಸಮ್ಮಟಿಗಿ ನಿನ್ನ ಕೈಯಾಗೇ ಐತಿ.”

ಗುಂಡು ಬಿದ್ದಿದ್ದರೆ ಅವಳ ಮಾತು ನಿಜವಾಗುತ್ತಿತ್ತು, ಕೇಳಲು ಅವಳು ಇರುತ್ತಿರಲಿಲ್ಲ. ಬೀಳದಂತೆ ನೋಡಿಕೊಂಡಳು, ಆದ್ದರಿಂದ ಸುಳ್ಳುಗಾತಿಯಾದಳು.

ಪೂಜಾಸ್ಥಳಕ್ಕೆ ಹಾನಿ ಮಾಡಿದಳೆಂದು ದೂರು ಹೋಯಿತು. ಠಾಣೆಯಲ್ಲಿ ಸಂಜೆಯ ತನಕ ಬೆಂಚಿನ ಮೇಲೆ ಕೂರಿಸಿದರು. ಯಾವುದೋ ಕಾಗದಕ್ಕೆ ದುರುಗೇಶ್ ಸಹಿ ಹಾಕಿ ಕರೆತಂದ. ಮರುದಿನದಿಂದ ಬೇರೆ ಶಿಕ್ಷೆ ಶುರುವಾಯಿತು, ಅದಕ್ಕೆ ಕಾಗದ ಬೇಕಿರಲಿಲ್ಲ. ಜೋಳದ ಚೀಲ ಹೊತ್ತು ಗಿರಣಿಗೆ ಹೋದರೆ “ಕರೆಂಟಿಲ್ಲ” ಎಂದರು. ಗಿರಣಿಯ ಬೆಲ್ಟು ಅವಳ ಕಣ್ಣೆದುರೇ ತಿರುಗುತ್ತಿತ್ತು. ಅಂಗಡಿಯಲ್ಲಿ ಸಕ್ಕರೆ ತೀರಿತ್ತು, ಉಪ್ಪೂ ತೀರಿತ್ತು. ಅವಳು ಮತ್ತು ಶಿವಮ್ಮ ಮೂರು ಮೈಲಿ ನಡೆದು ಪಕ್ಕದ ಊರಿನಲ್ಲಿ ಬೀಸಿಸಿಕೊಂಡು ಬರುತ್ತಿದ್ದರು. ಕೇರಿಯ ಮಿಕ್ಕ ಮನೆಯವರು? ಅವರೂ ಕೆಳಗೆ ಕೂಲಿ ಮಾಡಿ ತಿನ್ನುವವರು. ಯಾರ ಪ್ರಾಣ ಉಳಿಯಿತೋ ಅವರೇ ಅವಳನ್ನು ಕಂಡರೆ ಬಾಗಿಲು ಹಾಕಿಕೊಂಡರು. ಅವರನ್ನು ಬೈಯುವುದು ಸುಲಭ. ಅವರನ್ನು ಹಾಗೆ ಮಾಡಿಟ್ಟವರನ್ನು ಬೈಯಲು ಸಮ್ಮಟಿಗೆ ಬೇಕು.

ಚಿತ್ತಾ ಮಳೆ ಕುರುಡು, ಎಲ್ಲಿ ಬೀಳುತ್ತದೆಂದು ಅದಕ್ಕೇ ತಿಳಿಯದು. ಆ ಸಲ ಗುಡ್ಡದ ಮೇಲೆಯೇ ಬಿತ್ತು. ಒಂದು ಮಧ್ಯಾಹ್ನ ಎರಡು ತಾಸು ಸುರಿದು ಹೊಲದ ಬದುಗಳನ್ನು ಕೊಚ್ಚಿತು, ರಸ್ತೆಯ ಮೋರಿ ಕಿತ್ತಿತು. ಅಜ್ಜಿಗುಂಡಿನಡಿಯ ನೀರು ದ್ಯಾಮಕ್ಕ ಒಡೆದ ಬಾಯಿಯಿಂದ ಹಾರಿ ಕೊರಕಲಿಗೆ ಬಿದ್ದು ಹೋಯಿತು. ಗುಂಡು ಕೂತಲ್ಲೇ ಕೂತಿತ್ತು.

“ನೋಡಿದಿರಾ? ಅಷ್ಟು ಮಳಿಗೂ ದೇವರು ಅಲುಗಲಿಲ್ಲ,” ಎಂದ ಪಾಲಾಕ್ಷಪ್ಪ. “ಈಕಿ ಸುಳ್ಳ ಹೆದರ್ಸಿದ್ಲು.”

ಊರು ಕೂಡಿ ತೀರ್ಮಾನ ಮಾಡಿತು. ಒಡೆದವಳೇ ತನ್ನ ಕೈಯಾರೆ ಸಿಮೆಂಟು ಹಾಕಿ ಮುಚ್ಚಿ, ಅಡ್ಡಬಿದ್ದು ತಪ್ಪಾಯಿತೆನ್ನಬೇಕು.

ದ್ಯಾಮಕ್ಕ ಕೂಟದ ನಡುವೆ ನಿಂತು ಹೇಳಿದಳು: “ನಾ ಮುಚ್ಚಂಗಿಲ್ಲ. ಮುಚ್ಚೋರು ಯಾರರ ಇದ್ರ ಮುಚ್ಚಿರಿ. ಮುಚ್ಚಿ, ನಿಮ್ಮ ಹೆಂಡ್ರು ಮಕ್ಕಳನ್ನ ಕರ್ಕೊಂಡು ಬಂದು ನಮ್ಮ ಮನ್ಯಾಗ ಇರ್ರಿ, ಈ ಮಳಿ ಮುಗಿಯೋತನಕ. ನಾವು ನಿಮ್ಮ ಮನ್ಯಾಗ ಇರ್ತೀವಿ. ಬರ್ರಿ, ಯಾರು ಬರ್ತೀರಿ?”

ಯಾರೂ ಬರಲಿಲ್ಲ. ಬದಲಿಗೆ ಕೊಟ್ಟೂರಿನಿಂದ ಒಬ್ಬ ಗಾರೆಯವನನ್ನು ಕರೆಸಿದರು.

ಸ್ವಾತಿ ಮಳೆಯ ಮೊದಲ ಸೋಮವಾರ ಸಿಮೆಂಟಿನ ಚೀಲ ಹೇರಿದ ಟ್ರ್ಯಾಕ್ಟರು ಗುಡ್ಡದ ದಾರಿ ಹಿಡಿಯಿತು. ದುರುಗೇಶ್ ಅಂದು ಟ್ರ್ಯಾಕ್ಟರು ಹತ್ತಲಿಲ್ಲ. ಹೊಟ್ಟೆನೋವು ಎಂದ. ಅಷ್ಟೇ ಅವನ ಧೈರ್ಯ. ಅಷ್ಟಾದರೂ ಇತ್ತಲ್ಲ. ಗುಡಿಯ ಸಮಿತಿಯವರು, ಅವರ ಮನೆಯ ಹೆಂಗಸರು, ಪೂಜೆಯ ತಟ್ಟೆ, ಎಲ್ಲ ಮೇಲೆ ಬಂದವು. ದ್ಯಾಮಕ್ಕ ಕಟ್ಟೆಯ ಮಗ್ಗುಲಿಗೆ ನಿಂತಿದ್ದಳು, ಸಮ್ಮಟಿಗೆ ಠಾಣೆಯಲ್ಲಿ ಜಪ್ತಾಗಿದ್ದರಿಂದ ಬರಿಗೈಯಲ್ಲಿ. ಸಿಮೆಂಟು ಕಲಸುವಷ್ಟರಲ್ಲಿ ಬಡಗಣ ಮೋಡ ಇಳಿದು ಮಳೆ ಹಿಡಿಯಿತು. ಎಲ್ಲರೂ ತಗಡಿನ ಚಪ್ಪರದಡಿ ಸೇರಿದರು.

ಕಾಲು ಗಂಟೆಯಲ್ಲಿ ಗುಡ್ಡ ಸದ್ದು ಮಾಡಿತು. ಆ ಬಾಯಿಯಿಂದ ಗೇಣುದಪ್ಪದ ನೀರು ನುಗ್ಗಿ, ಕಲಸಿಟ್ಟ ಸಿಮೆಂಟನ್ನೂ ಬಾಂಡ್ಲಿಯನ್ನೂ ಕೊಚ್ಚಿಕೊಂಡು ಹೋಯಿತು. ನೆಲ ಗುಂಯ್ಗುಟ್ಟುತ್ತಿತ್ತು. ಅಂಗಾಲಿಗೆ ಅದು ಎಲ್ಲರಿಗೂ ತಿಳಿಯುತ್ತಿತ್ತು.

ಕೊಟ್ಟೂರಿನ ಗಾರೆಯವನು ಹೊರಗಿನವನು. ಅವನಿಗೆ ಹೆದರಿಕೆಯ ಕಾರಣ ಇರಲಿಲ್ಲ. “ಅಲ್ರೀ ಸಾವ್ಕಾರ್ರ, ಇದನ್ನ ಮುಚ್ಚಿದ್ರ ಇಷ್ಟು ನೀರು ಎಲ್ಲಿಗೆ ಹೋಗಬೇಕ್ರಿ?”

ಪಾಲಾಕ್ಷಪ್ಪ ಗುಂಡನ್ನು ತಲೆಯೆತ್ತಿ ನೋಡಿದ. ಆಮೇಲೆ ಕೆಳಗಿನ ಹನ್ನೆರಡು ಮನೆಗಳನ್ನು ನೋಡಿದ. ಆಮೇಲೆ ದ್ಯಾಮಕ್ಕನನ್ನು. ಆ ಕ್ಷಣ ಅವನಿಗೆ ಅರ್ಥವಾಯಿತು. ಅರ್ಥವಾದದ್ದನ್ನು ಅವಳು ಅವನ ಮುಖದಲ್ಲಿ ಕಂಡಳು, ಅವಳು ಕಂಡಳೆಂದು ಅವನಿಗೂ ಗೊತ್ತಾಯಿತು. ತಪ್ಪಾಯಿತು ಎಂದು ಒಂದು ಮಾತು ಆಡಲು ಅದಕ್ಕಿಂತ ಒಳ್ಳೆಯ ಹೊತ್ತು ಅವನಿಗೆ ಜನ್ಮದಲ್ಲಿ ಸಿಗುವುದಿಲ್ಲ.

ಅವನು ಎರಡೂ ಕೈ ಜೋಡಿಸಿ ನೀರಿಗೆ ಬಾಗಿದ. “ಗಂಗಿ. ಸ್ವಾಮಿ ಪಾದದಾಗ ಗಂಗಿ ಹುಟ್ಟ್ಯಾಳ. ಇದನ್ನ ಮುಚ್ಚಬಾರದ್ರೆಪ್ಪ.”

ಹೆಂಗಸರು ಅರಿಶಿನ ಎಸೆದರು. ಯಾರೋ ಬಾಟಲಿ ತುಂಬಿಕೊಂಡರು. ಬೊಮ್ಮಪ್ಪ, ಮೀನು ಬಿಡುತ್ತೇನೆಂದವನು, ಆ ನೀರನ್ನು ಕಣ್ಣಿಗೊತ್ತಿಕೊಂಡು ಕುಡಿದ.

ವಾರದೊಳಗೆ ಹಗರಿಬೊಮ್ಮನಹಳ್ಳಿಯಿಂದ, ಹರಪನಹಳ್ಳಿಯಿಂದ ಜನ ಕ್ಯಾನು ಹಿಡಿದು ಬಂದರು. ಮೊಬೈಲಿನಲ್ಲಿ ಗುಂಡಿನ ಬಾಯಿಯ ವಿಡಿಯೋ ಓಡಾಡಿತು. ಗಿರಣಿಗೆ ಕರೆಂಟು ಬಂತು, ಅಂಗಡಿಗೆ ಉಪ್ಪು ಬಂತು. ಯಾರೂ ದ್ಯಾಮಕ್ಕನ ಹತ್ತಿರ ಏನೂ ಹೇಳಲಿಲ್ಲ, ಕೇಳಲಿಲ್ಲ.

ಸ್ವಾತಿ ಮುಗಿಯುವ ದಿನ ಪಾಲಾಕ್ಷಪ್ಪ ಅವಳ ಮನೆಗೇ ಬಂದ. ಆ ಮನೆಯ ಹೊಸ್ತಿಲ ತನಕ ಅವನು ಬಂದದ್ದು ಅದೇ ಮೊದಲು. ಶಿವಮ್ಮ ತನ್ನ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಾ ಕಿವಿ ಇತ್ತ ಇಟ್ಟಿದ್ದಳು.

“ಆದದ್ದಾತು, ದ್ಯಾಮಕ್ಕ. ನೀ ಒಡೀಲಿಲ್ಲ, ಸ್ವಾಮಿ ನಿನ್ನ ಕೈಲೆ ಒಡಿಸಿದ. ಕೇಸ್ ವಾಪಸ್ ತಗೋತೀವಿ. ಬೋರ್ಡಿನ್ಯಾಗ ನಿನ್ನ ಹೆಸರೂ ಬರಸ್ತೀವಿ.”

“ಮತ್ತ?”

“ಮತ್ತೇನಿಲ್ಲ. ಬಂದ ಜನ ಜಾರಿ ಬೀಳಾಕತ್ಯಾರ. ನೀರು ಹಿಡಿಯಾಕ ಒಂದು ತೊಟ್ಟಿ ಕಟ್ಟಿ, ಆ ಬಾಯಿಗೆ ಒಂದು ನಲ್ಲಿ ಕೂಡ್ರಸ್ಬೇಕು. ನೀ ಮತ್ತ ಜಗಳ ತಗೀಬಾರದು, ಅಷ್ಟ.”

“ನಲ್ಲಿ ಬಂದ್ ಮಾಡಿದ್ರ ನೀರು ನಿಂದರ್ತತಿ.”

“ಮಳ್ಯಾಗ ಬಿಟ್ಟಿರ್ತೀವಿ.”

“ಯಾರು ಬಿಡೋರು? ಸಿಡ್ಲು ಹೊಡಿಯೋ ಹೊತ್ನ್ಯಾಗ ಗುಡ್ಡ ಹತ್ತಿ ನಲ್ಲಿ ತಿರುವಾಕ ನೀವು ಬರ್ತೀರೇನು?”

ಪಾಲಾಕ್ಷಪ್ಪ ಚಪ್ಪಲಿಯ ಕಡೆ ನೋಡಿದ.

“ಕೇಸ್ ಇರ್ಲಿ ಸಾವ್ಕಾರ್ರ,” ಎಂದಳು ದ್ಯಾಮಕ್ಕ. “ವಾಪಸ್ ತಗೋಬ್ಯಾಡ್ರಿ. ಒಡದಾಕಿ ನಾನು, ದೇವರಲ್ಲ. ಯಾಕ ಒಡದೆ ಅಂತ ಕೋರ್ಟಿನ್ಯಾಗ ಕೇಳ್ತಾರಲ್ಲ, ಅಲ್ಲಿ ಹೇಳ್ತೀನಿ. ನೀವು ನಲ್ಲಿ ಕೂಡ್ರಿಸಿದ ಮರುದಿನ ಅದನ್ನೂ ಒಡೀತೀನಿ. ಅದಕ್ಕ ಇನ್ನೊಂದು ಕೇಸ್ ಹಾಕ್ರಿ.”

“ನಿನಗ ಒಳ್ಳೇದು ಮಾಡಾಕ ಬಂದ್ರ…”

“ಹೋದ ಸಲ ಒಳ್ಳೇದು ಮಾಡಿದ್ರಲ್ಲ, ಇನ್ನೂ ಅದ ಸಾಕಾಗೈತಿ.”

ಶಿವಮ್ಮನ ಮೊರ ನಿಂತಿತು. ಪಾಲಾಕ್ಷಪ್ಪ ಏನೋ ಗೊಣಗಿ, ಇಳಿಜಾರಿನಲ್ಲಿ ಒಮ್ಮೆ ಕಾಲು ಜಾರಿ, ಸುಧಾರಿಸಿಕೊಂಡು ಹೋದ. ನಲ್ಲಿಗೆಂದು ಅವನ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ತಂದಿದ್ದ ಪೈಪು ಹಾಗೆಯೇ ಊರಿಗೆ ಇಳಿಯಿತು. ದ್ಯಾಮಕ್ಕ ಅವನಿಗೆ ಚಹಾ ಬೇಕೇ ಎಂದು ಕೇಳಿರಲಿಲ್ಲ. ಒಳಗೆ ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು, ಸೌದೆ ಹಿಂದಕ್ಕೆ ಎಳೆಯಲು ಎದ್ದಳು.